ಪೊವಿಸ್ ಕೋಟೆಯಲ್ಲಿ ಟಿಪ್ಪುವಿನ ಡೇರೆ

ಆಂಗ್ಲ ಪ್ರಭುವಂಶಗಳ ಚರಿತ್ರೆಯನ್ನು ಓದುವವರಿಗೆ ವಿವಾಹ, ಉಯಿಲು, ಜಮೀನು ಎಂಬ ಮೂರು ಮಾತುಗಳು ಪದೇ ಪದೇ ಎದುರಾಗುವುವು. ಪೊವಿಸ್ ಅರ್ಲ್ ಮನೆತನದ ವಿಷಯದಲ್ಲಿ ನಾಲ್ಕನೆಯದೊಂದನ್ನು ಸೇರಿಸಬೇಕಾಗಿದೆ, ಅದು ‘ಲೂಟಿ’. ಈ ಮಾತನ್ನೂ ಆಂಗ್ಲರು ನಮ್ಮ ದೇಶದಿಂದಲೇ ಕೊಂಡೊಯ್ದು ತಮ್ಮ ನಿಘಂಟಿಗೆ ಸೇರಿಸಿಕೊಂಡಿರುವರು.

ರಾಬರ್ಟ್ ಕ್ಲೈವನು 1725ರಲ್ಲಿ ಷ್ರಾಪ್‌ಷೈರಿನ ಸಾಧಾರಣ ಜಮೀನುದಾರ ಕುಟುಂಬವೊಂದರಲ್ಲಿ ಹುಟ್ಟಿದನು. ಕಂಪೆನಿಯ ಗುಮಾಸ್ತನಾಗಿ ಮದರಾಸಿಗೆ ಬಂದ ಈತನು 1757ರ ಪ್ಲಾಸಿ ಕದನದ ತರುವಾಯ ಮೀರ್ ಜಾಫರನಿಂದ 2,34,000 ಪೌಂಡುಗಳನ್ನೂ, ಬಳಿಕ ವರ್ಷಕ್ಕೆ ಸುಮಾರು 27,000 ಪೌಂಡು ಹುಟ್ಟುವಳಿಯ ಜಹಗೀರನ್ನೂ ಪಡೆದನು. ಹೀಗೆ ಕೂಡಿದ ಐಶ್ವರ್ಯದಿಂದ ಷ್ರಾಪ್‌ಷೈರಿನಲ್ಲಿ ವಾಲ್ಕಾಟ್, ಸರ್ರೆಯಲ್ಲಿ ಕ್ಲೇರ್‌ಮಾಂಟ್ ಮುಂತಾದ ಎಸ್ಟೇಟುಗಳನ್ನು ಕೊಂಡನು. 1773ರಲ್ಲಿ ಪಾರ್ಲಿಮೆಂಟು ಈತನ ಸಂಪಾದನೆಯನ್ನು ವಿಚಾರಿಸಿತಾದರೂ, ದೇಶಕ್ಕೆ ಮಹತ್ತರವಾದ ಸೇವೆ ಸಲ್ಲಿಸಿದನೆಂದು ಹೊಗಳಿ ಕೈಬಿಟ್ಟಿತು.

ಮಗನಾದ ಎಡ್ವರ್ಡನು 1784ರಲ್ಲಿ ಹೆನ್ರಿಯೆಟಾ ಹರ್ಬರ್ಟಳನ್ನು ವರಿಸಿದನು. ವೇಲ್ಸಿನ ಪೊವಿಸ್ ಕೋಟೆಯು 1587ರಿಂದ ಆಕೆಯ ತವರು ವಂಶದ ಸ್ವತ್ತು. ಹರ್ಬರ್ಟರಲ್ಲಿ ಕುಲಗೌರವವಿದ್ದಿತು, ಕ್ಲೈವರಲ್ಲಿ ಹಣವಿದ್ದಿತು. 1798ರಲ್ಲಿ ಎಡ್ವರ್ಡನು ಮದರಾಸಿನ ಗವರ್ನರನಾದನು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. 1800ರಲ್ಲಿ ಹೆನ್ರಿಯೆಟಾ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ನಮ್ಮ ಸೀಮೆಯಲ್ಲಿ ಸಂಚರಿಸಿ ಆ ಪಟ್ಟಣವನ್ನು ನೋಡಿದಳು. ಆಕೆಯ ಸೋದರನು 1801ರಲ್ಲಿ ನಿಸ್ಸಂತಾನನಾಗಿ ತೀರಿಕೊಳ್ಳಲು, 1804ರಲ್ಲಿ ಎಡ್ವರ್ಡನಿಗೆ ಪೊವಿಸ್ ಅರ್ಲ್ ಪದವಿ ದೊರೆಯಿತು. ಸೋದರಮಾವನ ಉಯಿಲಿನಂತೆ ಇವರ ಹಿರಿಯ ಮಗನು 1807ರಲ್ಲಿ ಹರ್ಬರ್ಟ್ ಎಂಬ ಮನೆತನದ ಹೆಸರನ್ನು ಧರಿಸಿದನು. ಕ್ಲೈವನ ಹೆಸರು ಕಳಚಿತು, ಐಶ್ವರ್ಯವು ಉಳಿಯಿತು.

ಟಿಪ್ಪುವಿನ ಚಿತ್ತಾರದ ಹತ್ತಿಬಟ್ಟೆಯ ಡೇರೆಯೂ, ಆತನ ಸಿಂಹಾಸನದ ರತ್ನಖಚಿತವಾದ ಸುವರ್ಣ ವ್ಯಾಘ್ರಶಿರವೂ ಇಂದು ಆ ಕೋಟೆಯಲ್ಲಿವೆ. ರಣರಂಗವನ್ನು ಕಂಡ ಸುಲ್ತಾನನ ಡೇರೆಯು ಪ್ರಭುಗಳ ಉದ್ಯಾನದ ಔತಣಗಳಿಗೆ ನೆರಳಾಯಿತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ವಿಜಯಿಗಳು ಸೋತವರ ಸೊತ್ತನ್ನು ಹಂಚಿಕೊಳ್ಳುವುದು ಆ ಕಾಲದ ವಾಡಿಕೆಯಾಗಿದ್ದಿತೆಂದು ಕೆಲವರು ವಾದಿಸುವರು. ನಿಜವೇ, 1791ರಲ್ಲಿ ಮರಾಠರ ದಂಡು ಶೃಂಗೇರಿಯ ಮಠವನ್ನೇ ಸುಲಿಯಿತು. ಟಿಪ್ಪುವಿನ ದಂಡಯಾತ್ರೆಗಳ ಕಹಿನೆನಪು ಕೊಡಗಿನಲ್ಲಿಯೂ ಮಲಬಾರಿನಲ್ಲಿಯೂ ಇನ್ನೂ ಅಳಿದಿಲ್ಲ. ಆದರೆ ಆ ವಾಡಿಕೆಯು ಅಂದು ಕೊಂಡೊಯ್ದುದಕ್ಕೆ ಸಮಾಧಾನವಾದೀತೇ ಹೊರತು, ಇಂದು ಇಟ್ಟುಕೊಳ್ಳುವುದಕ್ಕೆ ಆಧಾರವಾಗಲಾರದು.

ಈಗಿನ ವಂಶಸ್ಥರ ಮೇಲೆ ನಮಗೆ ದ್ವೇಷವಿಲ್ಲ. ನಾಲ್ಕನೆಯ ಅರ್ಲನು 1952ರಲ್ಲಿ ತೀರಿಕೊಂಡಾಗ ಕೋಟೆಯು ಆತನ ಉಯಿಲಿನ ಮೂಲಕ ನ್ಯಾಷನಲ್ ಟ್ರಸ್ಟಿಗೆ ಸೇರಿತು. ಆ ಸಂಸ್ಥೆಯು 1987ರಲ್ಲಿ ಅಲ್ಲಿ ಕ್ಲೈವ್ ವಸ್ತುಸಂಗ್ರಹಾಲಯವನ್ನು ತೆರೆಯಿತು; ವಸಾಹತು ಆಳ್ವಿಕೆಗೂ ಗುಲಾಮಗಿರಿಗೂ ಸಂಬಂಧಪಟ್ಟ ತನ್ನ 93 ಸ್ಥಳಗಳ ವರದಿಯನ್ನು 2020ರಲ್ಲಿ ತಾನೇ ಪ್ರಕಟಿಸಿತು. ಇದು ಶ್ಲಾಘ್ಯವಾದ ಕಾರ್ಯ. ಒಬ್ಬ ಪ್ರಭುವಿನ ಖಾಸಗಿ ಸ್ವತ್ತಾಗಿದ್ದುದು ಸಾರ್ವಜನಿಕ ಸಂಸ್ಥೆಯ ವಶವಾದ ಮೇಲೆ, ಕೇಳುವ ಹಾದಿಯು ಸುಗಮವಾಗಿದೆ.

ಆದರೆ ಕೇಳುವವರಿಗೂ ಹೊಣೆಯುಂಟು. ಸುಮಾರು ಮುನ್ನೂರು ವರ್ಷಗಳ ಹತ್ತಿಬಟ್ಟೆಗೆ ಬಿಸಿಲು, ತೇವ, ಹುಳು ಎಲ್ಲವೂ ಶತ್ರುಗಳೇ. ಆದುದರಿಂದ ನಮ್ಮ ಸರಕಾರವು ಮೊದಲು ಶ್ರೀರಂಗಪಟ್ಟಣದಲ್ಲಿಯೋ ಮೈಸೂರಿನಲ್ಲಿಯೋ ಅದಕ್ಕೆ ತಕ್ಕ ಶಾಲೆಯೊಂದನ್ನು ಕಟ್ಟಿ, ಬಲ್ಲ ಕೈಗಳನ್ನು ನೇಮಿಸಲಿ. ಅನಂತರ ಡೇರೆಯನ್ನು ಪ್ರದರ್ಶನಕ್ಕಾಗಿಯಾದರೂ ಒಮ್ಮೆ ಕಳುಹಿಸಿಕೊಡಿರೆಂದು ಕೇಳಲಿ. ಮನೆಯನ್ನು ಅಣಿಮಾಡಿಕೊಂಡು ಕೇಳುವವರ ಮಾತನ್ನು ತಳ್ಳಿಹಾಕುವುದು ಯಾವ ಟ್ರಸ್ಟಿಗೂ ಸುಲಭವಲ್ಲ.