ಹೊರಗಿಟ್ಟವರನ್ನು ಮರಳಿ ಕರೆಯುವ ಹೊಣೆ

ತಪ್ಪಿದವರನ್ನು ಹೊರಗಿಟ್ಟರೆ ಸಭೆಯ ಶಿಸ್ತು ಉಳಿಯಿತು ಎಂದು ನಂಬುವವರು ಕ್ರೈಸ್ತರಲ್ಲಿ ಇಂದಿಗೂ ಇದ್ದಾರೆ. ಆದಿಸಭೆಯ ಬೋಧನೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಪ್ರಕಾರ ತಪ್ಪಿದವನೊಂದಿಗೆ ಮೊದಲು ಒಬ್ಬರೇ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಸಭೆಯ ಮುಂದೆ ವಿಷಯ ಬರುವುದು ಆಮೇಲೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಒಬ್ಬನನ್ನು ಹೊರಹಾಕಿರೆಂದ ಪೌಲನೇ, ಎರಡನೆಯದರಲ್ಲಿ ಶಿಕ್ಷೆ ಉಂಡವನೊಬ್ಬನನ್ನು ಕ್ಷಮಿಸಿ ಸಂತೈಸಿರಿ, ಅವನು ದುಃಖದಲ್ಲಿ ಮುಳುಗಿಹೋಗಬಾರದು ಎನ್ನುತ್ತಾನೆ.

ಈ ಬೋಧನೆ ನಿಜವಾಗಿ ಒರೆಗೆ ಬಿದ್ದದ್ದು ಕ್ರಿ.ಶ. 250ರಲ್ಲಿ. ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ರೋಮನ್ ಚಕ್ರವರ್ತಿ ಡೆಸಿಯಸ್ ಆಜ್ಞೆ ಹೊರಡಿಸಿದ್ದ. ಈಜಿಪ್ಟಿನ ಮರಳಲ್ಲಿ ಸಿಕ್ಕ ಪಪೈರಸ್ ಪ್ರಮಾಣಪತ್ರಗಳಲ್ಲಿ ಅರ್ಜಿದಾರರು ‘ನಿಮ್ಮೆದುರೇ ಬಲಿ ಕೊಟ್ಟು, ಪಾನ ಎರೆದು, ಬಲಿಯ ಮಾಂಸ ತಿಂದೆವು’ ಎಂಬರ್ಥದಲ್ಲಿ ಬರೆದುಕೊಟ್ಟು ಅಧಿಕಾರಿಗಳ ಸಹಿ ಪಡೆದಿದ್ದಾರೆ. ಕ್ರೈಸ್ತರಲ್ಲಿ ಕೆಲವರು ಬಲಿ ಕೊಟ್ಟರು, ಕೆಲವರು ಹಣ ತೆತ್ತು ಪತ್ರವನ್ನಷ್ಟೇ ಪಡೆದರು. ಹಿಂಸೆ ತಣ್ಣಗಾದಾಗ ಇವರು ಸಭೆಗೆ ಮರಳಲು ಬಂದರು. 251ರ ಕಾರ್ತೇಜ್ ಸಮ್ಮೇಳನದಲ್ಲಿ ಬಿಷಪ್ ಸಿಪ್ರಿಯನ್ ಮತ್ತು ಇತರರು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಬರೀ ಪತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಲು ಒಪ್ಪಿದರು. ಬಲಿ ಕೊಟ್ಟವರಿಗೆ ದೀರ್ಘ ಪಶ್ಚಾತ್ತಾಪ ವಿಧಿಸಿದರು, ಆದರೆ ಸಾಯುವ ಹೊತ್ತಿನಲ್ಲಿ ಅವರಿಗೆ ಸಭೆಯೊಂದಿಗಿನ ಸಮಾಧಾನ ನಿರಾಕರಿಸಬಾರದೆಂದರು. ಮತ್ತೊಂದು ಹಿಂಸೆಯ ಭೀತಿ ಕವಿದಾಗ ಪಶ್ಚಾತ್ತಾಪದಲ್ಲಿದ್ದವರನ್ನೂ ಬರಮಾಡಿಕೊಂಡರು.

ಹಾಗಾದರೆ ಬಲಿ ನಿರಾಕರಿಸಿ, ಸೆರೆವಾಸ, ಚಿತ್ರಹಿಂಸೆ ಉಂಡರೂ ಜಗ್ಗದವರಿಗೆ ಇದು ಅನ್ಯಾಯವಲ್ಲವೇ? ಈ ಆಕ್ಷೇಪ ಹಗುರವಾದದ್ದಲ್ಲ. ಹೀಗೆ ಆಜ್ಞೆಗೆ ಮಣಿದು ನಂಬಿಕೆಯಿಂದ ಬಿದ್ದವರನ್ನು ಸೇರಿಸಲೇಬಾರದೆಂದು ರೋಮಿನ ನೊವೇಷಿಯನ್ ಬೇರೆ ಸಭೆಯನ್ನೇ ಕಟ್ಟಿದ. ಆದರೆ ಸೆರೆಯಲ್ಲಿದ್ದ ಕೆಲವರೇ ಬಿದ್ದವರ ಪರವಾಗಿ ಶಿಫಾರಸು ಪತ್ರ ಬರೆದುಕೊಟ್ಟಿದ್ದರು. ಆ ಪತ್ರ ತೋರಿಸಿದೊಡನೆ ಸೇರಿಸಿಕೊಳ್ಳುವುದನ್ನೂ ಸಿಪ್ರಿಯನ್ ಒಪ್ಪಲಿಲ್ಲ. ಪಶ್ಚಾತ್ತಾಪವಿಲ್ಲದ ಕ್ಷಮೆ ಗಾಯವನ್ನು ಮುಚ್ಚುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಸಭೆಯ ಮುಖಂಡರು ಹೊರಗಿಡುವ, ಮರಳಿ ಸೇರಿಸುವ ಅಧಿಕಾರವನ್ನು ದುರುಪಯೋಗ ಮಾಡಿಕೊಳ್ಳಬಹುದು ಎಂಬ ಅಂಜಿಕೆಯೂ ನಿಜವೇ. ಅದಕ್ಕೇ ಕ್ರಮ ಬೇಕು, ಅವಧಿ ಬೇಕು. 325ರ ನೈಸಿಯಾ ಸಮ್ಮೇಳನ ಬಲವಂತವಿಲ್ಲದೆ ಬಿದ್ದವರಿಗೂ ಹಂತಹಂತವಾದ 12 ವರ್ಷಗಳನ್ನು ಗೊತ್ತುಮಾಡಿತು. ಅವಧಿ ದೀರ್ಘವೇ, ಆದರೆ ಅದಕ್ಕೆ ಕೊನೆಯಿತ್ತು. ಇಂದು ಒಬ್ಬರನ್ನು ಪ್ರಭುಭೋಜನದಿಂದ ದೂರವಿಡುವ ಸಭೆ, ಅವರು ಯಾವ ದಾರಿಯಲ್ಲಿ ಮರಳಬಹುದೆಂದು ಅದೇ ದಿನ ಹೇಳಬೇಕು. ಅದನ್ನು ಹೇಳಲಾರದ ಸಭೆಗೆ ಹೊರಗಿಡುವ ಹಕ್ಕೂ ಇಲ್ಲ.