ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಖಿನ್ನತೆ ವಿಶ್ವಾಸದ ಕೊರತೆಯ ಗುರುತು, ಪ್ರಾರ್ಥನೆ ಹೆಚ್ಚಿಸಿದರೆ ಹೋಗುತ್ತದೆ ಎಂದು ಬರೆಯುವ ಲೇಖಕರ ವಾದ ಕ್ರೂರವಾದದ್ದು. ಕ್ರೈಸ್ತ ಇತಿಹಾಸವೇ ಅದನ್ನು ಒಪ್ಪದು.

1856ರಲ್ಲಿ ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭೆಯಲ್ಲಿ ಯಾರೋ ಬೆಂಕಿಯೆಂದು ಕೂಗಿ, ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಬೋಧಿಸುತ್ತಿದ್ದ ಚಾರ್ಲ್ಸ್ ಸ್ಪರ್ಜನ್‌ಗೆ ಆಗ 22 ವರ್ಷ. ಖಿನ್ನತೆ ಅವರನ್ನು ಮುಂದೆಯೂ ಮತ್ತೆ ಮತ್ತೆ ಕಾಡಿತು. ಅದನ್ನವರು ಮುಚ್ಚಿಡದೆ ತಮ್ಮ ವಿದ್ಯಾರ್ಥಿಗಳಿಗೇ ಹೇಳಿದರು. ಅವರ ವಿಶ್ವಾಸಕ್ಕೆ ಅಂಕ ಕೊಡಲು ನಾವು ಯಾರು?

ಬೈಬಲಿನಲ್ಲೂ, ಸಾವು ಬೇಡಿ ಮರದಡಿ ಮಲಗಿದ ಪ್ರವಾದಿ ಎಲೀಯನನ್ನು ದೇವದೂತ ಗದರಲಿಲ್ಲ. ರೊಟ್ಟಿ, ನೀರು ಕೊಟ್ಟ; ಮತ್ತೆ ಮಲಗಗೊಟ್ಟ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ.

ಇಂಥ ಬರಹ ನಂಬಿ ಯಾರಾದರೂ ಮಾತ್ರೆ ನಿಲ್ಲಿಸಿದರೆ ಹೊಣೆ ಯಾರದು? ಸಭಾಪಾಲಕರೇ, ಪ್ರಾರ್ಥಿಸಿ, ವೈದ್ಯರ ಬಳಿಗೂ ಕಳಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.