ನಾವಿಕರ ಹೊಣೆಯೂ ಒಡೆಯರ ಹೊಣೆಯೂ

ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ ೨೦೨೪ನೆಯ ಇಸವಿ ಮಾರ್ಚ್ ೨೬ರ ಅಪರಾತ್ರಿ 'ಡಾಲಿ' ಎಂಬ ಸರಕು ಹಡಗು ಸೇತುವೆಯ ಆಧಾರಸ್ತಂಭಕ್ಕೆ ಬಡಿದು, ಸೇತುವೆ ಕುಸಿದು, ಅದರ ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಮಂದಿ ಕೂಲಿಕಾರರು ಮಡಿದ ಸಂಗತಿಯನ್ನು ವಾಚಕರು ಮರೆತಿರಲಾರರು. ಹಡಗಿನ ೨೧ ಮಂದಿ ಸಿಬ್ಬಂದಿಯಲ್ಲಿ ೨೦ ಮಂದಿ ಭಾರತೀಯರು. ಸತ್ತವರ ದೇಹಗಳೆಲ್ಲ ಸಿಕ್ಕುವ ಮೊದಲೇ ಈ ನಾವಿಕರನ್ನು ಅಯೋಗ್ಯರೆಂದು ಹಳಿಯುವ ಮಾತುಗಳೂ, ಅವರನ್ನು ಕೌಪೀನಧಾರಿಗಳನ್ನಾಗಿ ಬರೆದ ವ್ಯಂಗ್ಯಚಿತ್ರವೊಂದೂ ಲೋಕವನ್ನು ಸುತ್ತಿದವು. ಹಡಗಿನಲ್ಲಿ ಯಾರ ಕೆಲಸ ಯಾವುದೆಂಬುದನ್ನು ಅರಿಯದೆ ಕೊಟ್ಟ ತೀರ್ಪು ಇದು.

ಕಪ್ತಾನನು ಹಡಗಿನ ಸರ್ವಾಧಿಕಾರಿ. ಬಂದರಿನ ಕಾಲುವೆಯಲ್ಲಿ ಸ್ಥಳೀಯ ಪೈಲಟನು ದಾರಿ ತೋರಿಸಿದರೂ ಹೊಣೆಯು ಕಪ್ತಾನನನ್ನು ಬಿಡದು. ಅವನ ಕೈಕೆಳಗೆ ಮೊದಲನೆಯ ಅಧಿಕಾರಿಗೆ ಸರಕಿನ ಭಾರ, ಎರಡನೆಯವನಿಗೆ ನಕ್ಷೆ ಮತ್ತು ಮಾರ್ಗ, ಮೂರನೆಯವನಿಗೆ ಜೀವರಕ್ಷಕ ದೋಣಿಗಳು. ಬೋಸನನು ನಾವಿಕರ ಮೇಸ್ತ್ರಿ. ಹಿಂದಿನ ಲಸ್ಕರರು ಇವನನ್ನೇ ಸೆರಾಂಗ್ ಎನ್ನುತ್ತಿದ್ದರು. ಹಗ್ಗ, ಲಂಗರು, ತುಕ್ಕು, ಬಣ್ಣ ಎಲ್ಲವೂ ಅವನ ಪಾಲಿನವು. ಕೆಳಗೆ ಯಂತ್ರಶಾಲೆಯಲ್ಲಿ ಮುಖ್ಯ ಇಂಜಿನಿಯರನದು ಬೇರೆಯೇ ರಾಜ್ಯ. ಅಡಿಗೆಯವನನ್ನು ಯಾರೂ ಲೆಕ್ಕಕ್ಕೆ ಹಿಡಿಯರು. ಆದರೆ ವಾರಗಟ್ಟಲೆ ನೆಲ ಕಾಣದವರ ಮನಸ್ಸು ನೆಟ್ಟಗಿರುವುದು ಬಹುಮಟ್ಟಿಗೆ ಅವನಿಂದಲೇ.

ಆ ರಾತ್ರಿ ಸೇತುವೆಯು ನಾಲ್ಕು ನಿಮಿಷಗಳ ದೂರದಲ್ಲಿದ್ದಾಗ ವಿದ್ಯುತ್ತು ನಿಂತಿತು. ಅದರೊಡನೆ ಮುಖ್ಯ ಯಂತ್ರವೂ ನಿಂತಿತು. ಯಂತ್ರಶಾಲೆಯವರು ಕೈಯಿಂದಲೇ ವಿದ್ಯುತ್ತನ್ನು ಮರಳಿ ಜೋಡಿಸಿದರು. ಅದು ಮತ್ತೆ ಹೋಯಿತು. ಪೈಲಟರು ಲಂಗರು ಇಳಿಸಲು ಆಜ್ಞಾಪಿಸಿ ದಡಕ್ಕೆ ಎಚ್ಚರಿಕೆ ಕಳುಹಿಸಿದರು. ಪೋಲೀಸರು ವಾಹನಗಳನ್ನು ತಡೆದರು. ಹಡಗಿನಿಂದ ಬಂದ ಈ ಎಚ್ಚರಿಕೆಯಿಂದ ಪ್ರಾಣಗಳು ಉಳಿದವೆಂದು ಆಗಿನ ಅಧ್ಯಕ್ಷ ಬೈಡನ್ನರೇ ಹೇಳಿದರು. ಸೇತುವೆಯ ಮೇಲಿದ್ದ ಕೂಲಿಕಾರರಿಗೆ ಮಾತ್ರ ಅದು ಸಕಾಲದಲ್ಲಿ ಮುಟ್ಟಲಿಲ್ಲ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ೨೦೨೫ರ ನವೆಂಬರಿನಲ್ಲಿ ನಿರ್ಣಯಿಸಿದ ಕಾರಣವೇನು? ಒಂದು ತಂತಿಯ ಗುರುತಿನ ಪಟ್ಟಿಯನ್ನು ಸರಿಯಾಗಿ ಕೂಡಿಸದಿದ್ದುದರಿಂದ ತಂತಿಯು ಜೋಡಣೆಯಲ್ಲಿ ಪೂರ್ತಿ ಸೇರದೆ ಸಡಿಲವಾಗಿತ್ತು! ಸಾವಿರಾರು ತಂತಿಗಳ ನಡುವೆ ಅದನ್ನು ಹುಡುಕುವುದು ಐಫೆಲ್ ಗೋಪುರದಲ್ಲಿ ಸಡಿಲಾದ ಒಂದು ರಿವೆಟ್ಟನ್ನು ಹುಡುಕಿದಂತೆಂದು ಮಂಡಲಿಯ ಅಧ್ಯಕ್ಷೆಯು ಹೇಳಿದರು. ಯಂತ್ರಶಾಲೆಯವರಲ್ಲಿ ದೋಷವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ವಿದ್ಯುತ್ತು ಹೋದರೆ ತಾನಾಗಿ ಮರಳಿ ಚಲಿಸದ ಪಂಪೊಂದರಿಂದ ಜನರೇಟರುಗಳಿಗೆ ಇಂಧನ ಒದಗಿಸುವ ತಪ್ಪು ವಾಡಿಕೆ ಅಲ್ಲಿತ್ತು. ಆದರೆ ಅದನ್ನು ಕಂಡು ತಡೆಯದ ನಿರ್ವಾಹಕ ಸಂಸ್ಥೆಯ ಮೇಲ್ವಿಚಾರಣೆಯನ್ನೂ ಮಂಡಲಿ ದೂಷಿಸಿದೆ. ೩೦೦ ಮೀಟರು ಉದ್ದದ ಹಡಗಿಗೆ ೨೧ ಜನ. ದಿನಕ್ಕೆ ಹತ್ತು ಗಂಟೆಯಾದರೂ ವಿಶ್ರಾಂತಿ ಇರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಪ್ರತಿಯೊಂದು ತಂತಿಯನ್ನೂ ಎಳೆದು ನೋಡುವ ಕೈ ಇವರಲ್ಲಿ ಯಾರದು?

ಮುಂದಿನ ಕಥೆ ಇನ್ನೂ ವಿಚಾರಾರ್ಹವಾದುದು. ಹಡಗಿನ ಒಡೆಯರೂ ನಿರ್ವಾಹಕರೂ ವಾರ ತುಂಬುವುದರೊಳಗಾಗಿ ಅಮೆರಿಕದ ೧೮೫೧ರ ಶಾಸನವನ್ನು ಆಶ್ರಯಿಸಿ, ತಮ್ಮ ಹೊಣೆಯನ್ನು ಸುಮಾರು ೪ ಕೋಟಿ ೩೬ ಲಕ್ಷ ಡಾಲರುಗಳಿಗೆ ಮಿತಿಗೊಳಿಸಬೇಕೆಂದು ನ್ಯಾಯಾಲಯವನ್ನು ಬೇಡಿದರು. ನಾವಿಕರಿಗೆ ಇಂಥ ಮಿತಿಯನ್ನು ಕಲ್ಪಿಸಿದ ಶಾಸನವೆಲ್ಲಿದೆ? ಅವರ ದೂರವಾಣಿಗಳನ್ನು ತನಿಖೆಯವರು ಒಯ್ದರು. ಜೂನ್ ತಿಂಗಳವರೆಗೂ ಅವರಿಗೆ ಊರಿನ ದಾರಿ ತೆರೆಯಲಿಲ್ಲ. ಮುರಿದ ಸೇತುವೆಯನ್ನು ಮೇ ೧೩ರಂದು ಸಿಡಿಮದ್ದಿನಿಂದ ಒಡೆದಾಗಲೂ ಅವರು ಹಡಗಿನೊಳಗೇ ಇದ್ದರು.

೧೯೨೭ರಲ್ಲಿ ಮುಂಬಯಿಯಲ್ಲಿ 'ಡಫರಿನ್' ಶಿಕ್ಷಣನೌಕೆ ಆರಂಭವಾಗುವ ತನಕ ಭಾರತೀಯನಿಗೆ ಲಸ್ಕರನ ದುಡಿಮೆಯ ಹೊರತು ಅಧಿಕಾರಿಯ ಪದವಿ ಬಹುಮಟ್ಟಿಗೆ ಎಟುಕುತ್ತಿರಲಿಲ್ಲ. ಇಂದು ನಮ್ಮವರು ಲೋಕದ ಹಡಗುಗಳಿಗೆ ಕಪ್ತಾನರು. ಇದು ಅಭಿಮಾನದ ಮಾತೇ ಸರಿ. ಆದರೆ ಹಡಗುಗಳು ಪರರವು. ನಮ್ಮ ವಿದೇಶ ವ್ಯಾಪಾರದ ಹತ್ತರಲ್ಲೊಂದು ಪಾಲನ್ನೂ ಭಾರತದ ಧ್ವಜದ ಹಡಗುಗಳು ಹೊರುತ್ತಿಲ್ಲ. ಹಡಗಿಗೆ ಕನಿಷ್ಠ ಎಷ್ಟು ಜನ ಬೇಕೆಂಬುದನ್ನು ಧ್ವಜದ ರಾಷ್ಟ್ರವು ನಿಶ್ಚಯಿಸುತ್ತದೆ. ಆ ಧ್ವಜವನ್ನು ಆರಿಸಿಕೊಳ್ಳುವವನು ಒಡೆಯ. ೧೯೫೮ರ ಶಾಸನವನ್ನು ತೆಗೆದು ೨೦೨೫ರಲ್ಲಿ ಹೊಸ ವಾಣಿಜ್ಯ ನೌಕಾ ಶಾಸನವನ್ನು ಮಾಡಿದ ಭಾರತ ಸರಕಾರವು, ಜನರನ್ನು ಒದಗಿಸುವ ರಾಷ್ಟ್ರಕ್ಕೂ ಈ ಲೆಕ್ಕದಲ್ಲಿ ಮಾತು ಇರಬೇಕೆಂದು ಅಂತಾರಾಷ್ಟ್ರೀಯ ಸಭೆಗಳಲ್ಲಿ ಒತ್ತಾಯಿಸತಕ್ಕದ್ದು.